ಬಚ್ಚಿಟ್ಟ ಕಡಲಿನ ಆಳ

ಎರಡೂ ಕೈಗಳನ್ನು ಅಗಲಿಸಿ ನಿಂತಾಗ ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದವನ್ನು ನಾವು ಒಂದು ಮಾರು ಎನ್ನುತ್ತೇವೆ. ಅರಬಿಯಲ್ಲಿ ಅದು ಬಾಅ್, ಇಂಗ್ಲಿಷಿನಲ್ಲಿ ಫ್ಯಾದಮ್. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗಿಳಿಸಿ ಮಾರು ಲೆಕ್ಕ ಹಾಕುವುದೇ ಶತಮಾನಗಳ ಕಾಲ ಕಡಲಿನ ಆಳ ತಿಳಿಯುವ ದಾರಿಯಾಗಿತ್ತು. 1875ರಲ್ಲಿ ಬ್ರಿಟನ್ನಿನ ಚಾಲೆಂಜರ್ ಹಡಗು ಪೆಸಿಫಿಕ್ ಸಾಗರದಲ್ಲಿ 4,475 ಮಾರು, ಅಂದರೆ ಎಂಟು ಕಿಲೋಮೀಟರಿಗೂ ಮಿಕ್ಕಿದ ಆಳ ಕಂಡದ್ದು ಹಗ್ಗದಿಂದಲೇ.

ಇಪ್ಪತ್ತನೇ ಶತಮಾನದಲ್ಲಿ ಹಗ್ಗದ ಜಾಗಕ್ಕೆ ಶಬ್ದ ಬಂತು. ಹಡಗಿನಿಂದ ಹೊರಟ ಸದ್ದು ತಳಕ್ಕೆ ಬಡಿದು ಮರಳಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಆಳ ತಿಳಿಯುತ್ತದೆ. ಅಳೆಯುವುದು ಸುಲಭವಾಯಿತು, ಆದರೆ ಅಳೆದದ್ದನ್ನು ಹೇಳುವುದು ಕಷ್ಟವಾಯಿತು. ಜಲಾಂತರ್ಗಾಮಿಗಳ ಕಾಲವದು. ಅಮೆರಿಕದ ನೌಕಾಪಡೆ ಆಳದ ವಿವರವಾದ ನಕ್ಷೆಗಳನ್ನು ಗುಟ್ಟಾಗಿರಿಸಿತು.

ನ್ಯೂಯಾರ್ಕ್ ಬಳಿಯ ಲಾಮಾಂಟ್ ಸಂಶೋಧನಾಲಯದಲ್ಲಿದ್ದ ಮೇರಿ ಥಾರ್ಪ್ ಎಂಬ ಭೂವಿಜ್ಞಾನಿಗೆ ಇನ್ನೂ ಒಂದು ತಡೆಯಿತ್ತು. ಹೆಣ್ಣೆಂಬ ಕಾರಣಕ್ಕೆ ಅವರಿಗೆ ಸಂಶೋಧನಾ ಹಡಗು ಹತ್ತುವಂತಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಕಡಲಿನಿಂದ ತಂದ ಅಂಕಿಗಳನ್ನು ಅವರು ಮೇಜಿನ ಮೇಲೆ ಗೆರೆಯಾಗಿಸುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿಯುದ್ದಕ್ಕೂ ಅವರಿಗೊಂದು ಸೀಳು ಕಣಿವೆ ಕಂಡಿತು. ಹೀಜನ್ ಅದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಿದರು. ಪಕ್ಕದಲ್ಲೇ ಹೋವರ್ಡ್ ಫೋಸ್ಟರ್ ಗುರುತಿಸುತ್ತಿದ್ದ ಭೂಕಂಪದ ಕೇಂದ್ರಗಳು ಅದೇ ಕಣಿವೆಗುಂಟ ಸಾಲಾಗಿ ಬಿದ್ದಾಗ ಮಾತ್ರ ನಂಬಬೇಕಾಯಿತು.

ಅಂಕಿಗಳನ್ನು ಅಚ್ಚು ಹಾಕುವಂತಿಲ್ಲವಲ್ಲ! ಅದಕ್ಕೆ ಅವರಿಬ್ಬರೂ ನೀರು ಬತ್ತಿದ ಕಡಲನ್ನು ಮೇಲಿನಿಂದ ಓರೆಯಾಗಿ ನೋಡಿದಂತೆ ಬೆಟ್ಟ ಕಣಿವೆಗಳನ್ನು ಚಿತ್ರಿಸಿದರು. 1957ರಲ್ಲಿ ಹೊರಬಂದ ಉತ್ತರ ಅಟ್ಲಾಂಟಿಕ್ ನಕ್ಷೆಯ ಚೆಲುವಿಗೆ ಹೀಗೆ ಸೇನೆಯ ಗುಟ್ಟೂ ಒಂದು ಕಾರಣ.

ಗುಟ್ಟು ಸಡಿಲಲು ದಶಕಗಳೇ ಹಿಡಿದವು. ಸಾಗರದಡಿಯ ಬೆಟ್ಟ ತನ್ನತ್ತ ನೀರನ್ನು ಸೆಳೆಯುವುದರಿಂದ ಅದರ ಮೇಲಿನ ನೀರು ತುಸು ಉಬ್ಬಿರುತ್ತದೆ. ಈ ಉಬ್ಬನ್ನು ಅಳೆದ ನೌಕಾಪಡೆಯ ಜಿಯೋಸ್ಯಾಟ್ ಉಪಗ್ರಹದ ದತ್ತಾಂಶ 1995ರಲ್ಲಿ ಬಹಿರಂಗವಾಯಿತು. ಅದರ ನೆರವಿನಿಂದ ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ 1997ರಲ್ಲಿ ಜಗತ್ತಿನ ಸಾಗರತಳದ ನಕ್ಷೆ ಪ್ರಕಟಿಸಿದರು. ಇದೇ ಸ್ಮಿತ್, ಪಾಲ್ ವೆಸೆಲ್ ಜೊತೆ ಸೇರಿ ಜಿಎಂಟಿ ಎಂಬ ನಕ್ಷೆ ತಂತ್ರಾಂಶವನ್ನು ಬರೆದು ಪುಕ್ಕಟೆಯಾಗಿ ಹಂಚಿದವರು.

ಈಗ ಆ ಅಂಕಿಗಳು ಯಾರಿಗೂ ಸಿಗುತ್ತವೆ. ಮೊನಾಕೊದ ರಾಜ ಒಂದನೇ ಆಲ್ಬರ್ಟ್ 1903ರಲ್ಲಿ ಆರಂಭಿಸಿದ ಜೆಬ್ಕೊ ಯೋಜನೆ, ಭೂಮಿಯನ್ನು ಸುಮಾರು ಅರ್ಧ ಕಿಲೋಮೀಟರಿನ ಚೌಕಗಳಾಗಿಸಿ ಪ್ರತಿ ಚೌಕದ ಆಳವನ್ನು ಉಚಿತವಾಗಿ ಕೊಡುತ್ತದೆ. ನಾವು ಅರಬಿ ಸಮುದ್ರದ ತುಂಡನ್ನಷ್ಟೇ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆವು. ಆಳ ಹೆಚ್ಚಿದಂತೆ ನೀಲಿ ಗಾಢವಾಗಲೆಂದು ಬಣ್ಣ ಕೊಟ್ಟೆವು, ಒಂದು ದಿಕ್ಕಿನಿಂದ ಬೆಳಕು ಬಿದ್ದಂತೆ ನೆರಳು ಕೊಟ್ಟೆವು, 200 ಮೀಟರಿಗೊಂದು ಸಮಾನ ಆಳದ ಗೆರೆ ಎಳೆದೆವು. ಮುಂಬಯಿಯೆದುರು ಅಗಲವಾಗಿದ್ದ ತಿಳಿನೀಲಿ ಪಟ್ಟಿ ನಮ್ಮ ಕರಾವಳಿಗಿಳಿಯುವಾಗ ಸಪುರವಾಯಿತು. ಅದರಾಚೆ, ಲಕ್ಷದ್ವೀಪದ ಚುಕ್ಕಿಗಳು ದಕ್ಷಿಣಕ್ಕೆ ಚಾಗೋಸ್‌ವರೆಗೂ ಚಾಚಿದ ಒಂದೇ ಏಣಿನ ತುದಿಗಳೆಂದು ಕಾಣಿಸಿತು.

ಜೆಬ್ಕೊ ಜೊತೆಯಲ್ಲೇ ಇನ್ನೊಂದು ಕಡತ ಕೊಡುತ್ತದೆ. ಯಾವ ಚೌಕ ಅಳೆದದ್ದು, ಯಾವುದು ಅಂದಾಜು ಎಂದು ಅದು ಹೇಳುತ್ತದೆ. 2025ರ ಜೂನ್‌ನಲ್ಲಿ ಪ್ರಕಟವಾದ ಲೆಕ್ಕದಂತೆ ಜಗತ್ತಿನ ಸಾಗರತಳದಲ್ಲಿ ಈಗಿನ ಮಟ್ಟದಲ್ಲಿ ಅಳೆದದ್ದು ಶೇಕಡಾ 27.3 ಮಾತ್ರ. ಉಳಿದ ನುಣುಪಾದ ನೀಲಿಯ ಬಹುಭಾಗ ಉಪಗ್ರಹದ ಊಹೆ.