ವಕೀಲರಿಗೆ ಬಾಗಿಲು ಮುಚ್ಚಿದ್ದ ಭೂ ನ್ಯಾಯಮಂಡಳಿ



ಸಾಲಕ್ಕೆ ಬಂದ ರೈತರನ್ನು ಸಂಘದಲ್ಲಿ ಮೊದಲು ಕೇಳೋದು ಪಹಣಿ. ಆ ಪಹಣಿಯಲ್ಲಿ ಹೆಸರು ಕೂಡ್ರಿಸಲು ನಮ್ಮ ಹಿರಿಯರು ಎಷ್ಟು ಅಲೆದಾಡಿದರು ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ.

ನಮ್ಮ ಕುಕನೂರು ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಸರ್ಕಾರಿ ಕಾಗದ ಉರ್ದು, ವರ್ಷ ಫಸಲಿ. ಉಳುವವನಿಗೆ ತನ್ನ ಕಾಗದದಲ್ಲಿ ಏನಿದೆ ಎಂಬುದೇ ತಿಳಿಯುತ್ತಿರಲಿಲ್ಲ. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು. ಆದರೆ ದೊಡ್ಡ ಬದಲಾವಣೆ ಆದದ್ದು ದೇವರಾಜ ಅರಸು ಅವರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ ನಂ. 7ರಲ್ಲಿ ಅರ್ಜಿ ಹಾಕಬೇಕು. ಕೊನೆಯ ದಿನ 1979ರ ಜೂನ್ 30. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಇದೇ ಭೂ ನ್ಯಾಯಮಂಡಳಿ.

ಕಾಯ್ದೆಯ 48(8)ನೇ ಕಲಮಿನಂತೆ ಅಲ್ಲಿ ವಕೀಲರು ಹಾಜರಾಗುವಂತಿಲ್ಲ. ಬಡವರಿಗೆ ಅನುಕೂಲವಾಗಲಿ ಅಂತಲೇ ಹಾಗೆ ಮಾಡಿರಬೇಕು. ಆದರೆ ಸಾವ್ಕಾರ ಮನೆಯಲ್ಲೇ ವಕೀಲರಿಂದ ಎಲ್ಲಾ ಬರೆಸಿಕೊಂಡು ಬರ್ತಿದ್ದ. ನಮ್ಮ ಬಳಗದ ಹಿರಿಯರೊಬ್ಬರನ್ನು ಸರ್ವೆ ನಂಬರ್ ಕೇಳಿದರಂತೆ. ಅವರಿಗೆ ಹೊಲದ ಹೆಸರು ಗೊತ್ತು, ನಾಲ್ಕೂ ಬದು ಗೊತ್ತು, ನಂಬರ್ ಗೊತ್ತಿಲ್ಲ. ಸುಮ್ಮನೆ ನಿಂತರು.

ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ಅದೇ ನಿಜ ಅನ್ನುತ್ತದೆ 1964ರ ಕಂದಾಯ ಕಾಯ್ದೆ. ಸುಳ್ಳೆಂದು ತೋರಿಸೋದು ಹೇಗೆ? ಪಕ್ಕದ ಹೊಲದವನನ್ನು ಸಾಕ್ಷಿಗೆ ಕರೆಯಬೇಕು, ರಸೀದಿ ಹಾಜರುಪಡಿಸಬೇಕು, ಎದುರಾಳಿಗೆ ಪಾಟೀಸವಾಲು ಹಾಕಬೇಕು. ಇದು ಪಳಗಿದ ವಕೀಲರ ಕೆಲಸ, ಪುಸ್ತಕ ಓದಿದರಷ್ಟೇ ಬರೋದಲ್ಲ. ಸಿವಿಲ್ ದಾವೆಯಲ್ಲೂ ಅಷ್ಟೇ. ಕೆಳಗಿನ ಕೋರ್ಟಿನಲ್ಲಿ ಬಿಟ್ಟ ಕಾಗದವನ್ನು ಅಪೀಲಿನಲ್ಲಿ ಸುಲಭಕ್ಕೆ ತಗೊಳ್ಳೋದಿಲ್ಲ. ಎರಡನೇ ಅಪೀಲಿನಲ್ಲಂತೂ ಕಾನೂನಿನ ಪ್ರಶ್ನೆ ಮಾತ್ರ. ನಮ್ಮವರು ಕೆಳಗೆ ಅಗ್ಗದಲ್ಲಿ ಮುಗಿಸಿ, ಸೋತ ಮೇಲೆ ಎತ್ತು ಮಾರಿ ಹೈಕೋರ್ಟಿಗೆ ದೊಡ್ಡ ವಕೀಲರನ್ನು ಹುಡುಕ್ತಾರೆ!

ಸಾಕ್ಷಿ ಸರಿಯಾಗಿ ಬರೆದುಕೊಂಡಿಲ್ಲ, ಕಾರಣ ಕೊಟ್ಟಿಲ್ಲ ಎಂದು ಹೈಕೋರ್ಟು ನ್ಯಾಯಮಂಡಳಿಗಳ ಎಷ್ಟೋ ಆದೇಶ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭೂ ಸುಧಾರಣೆಯನ್ನು ಎತ್ತಿಹಿಡಿಯಿತು, ಆದರೆ 48(8) ಕೇಂದ್ರದ ವಕೀಲರ ಕಾಯ್ದೆಗೆ ವಿರುದ್ಧವೆಂದು ತೆಗೆದುಹಾಕಿತು.

1995ರಿಂದ ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡ್ತಾರೆ. ಸದಸ್ಯರು ಕೇಳಿ ಪಡೆಯಬೇಕು.

ನಮ್ಮ ಹಿರಿಯರ ಅರ್ಜಿ ಮಾತ್ರ ಆಗಲೇ ವಜಾ ಆಗಿತ್ತು. ವಕೀಲರು ಬರಬಹುದೆಂಬ ತೀರ್ಪು ಬರುವ ಹೊತ್ತಿಗೆ ಆ ಹೊಲ ಬೇರೆಯವರ ಹೆಸರಿಗೆ ಹೋಗಿತ್ತು.