ಬೆಲುಂ ಗುಹೆ: ಭೂಚರಿತ್ರೆ, ಜನಚರಿತ್ರೆ ಮತ್ತು ಒಂದು ಜೈನ ಐತಿಹ್ಯದ ಪರಿಶೀಲನೆ

ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ ಬಯಲು ಹೊಲಗಳ ನಡುವೆ ಬಾವಿಯಂತಹ ಮೂರು ಕುಳಿಗಳಿವೆ. ನಡುವಣ ಕುಳಿಯೇ ಬೆಲುಂ ಗುಹೆಯ ಬಾಗಿಲು. ಸುಮಾರು 20 ಮೀಟರ್ ಇಳಿದ ಮೇಲೆ ಗುಹೆ ಅಡ್ಡಲಾಗಿ ಕವಲೊಡೆದು ಹರಡುತ್ತದೆ. ಅಳತೆಗೆ ಸಿಕ್ಕಿರುವ ಉದ್ದ 3229 ಮೀಟರ್. ಎಲ್ಲಕ್ಕಿಂತ ಆಳದಲ್ಲಿರುವ ಪಾತಾಳಗಂಗೆ ಪ್ರವೇಶಮಟ್ಟದಿಂದ 46 ಮೀಟರ್ ಕೆಳಗಿದೆ. ಪ್ರವಾಸಿಗರಿಗೆ ತೆರೆದಿರುವುದು ಇದರ ಒಂದು ಭಾಗ ಮಾತ್ರ. ತೆಲುಗಿನ ‘ಬಿಲಂ’ ಎಂಬ ಮಾತಿನಿಂದ ಊರಿಗೂ ಗುಹೆಗೂ ಈ ಹೆಸರು ಬಂದಿದೆ. ನಮ್ಮ ಇಲಿಯ ಬಿಲವೂ ಅದೇ ಸಂಸ್ಕೃತ ಪದ.

ಈ ಗುಹೆಯ ಕುರಿತ ಪ್ರವಾಸಿ ಬರಹಗಳಲ್ಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತದೆ: ಹಿಂದೆ ಇಲ್ಲಿ ಜೈನ ಮತ್ತು ಬೌದ್ಧ ಮುನಿಗಳು ವಾಸವಾಗಿದ್ದರು ಎಂಬುದು ಅದರ ಸಾರ. ಜೈನಧರ್ಮದ ಪ್ರಸಾರವನ್ನು ಕುರಿತು ಸಂಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇಂತಹ ವಾಕ್ಯವನ್ನು ಆಧಾರವೆಂಬಂತೆ ಎತ್ತಿಕೊಳ್ಳುವುದುಂಟು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ. ಅದಕ್ಕೆ ಗುಹೆ ಎಂತಹುದು ಎಂಬುದು ಮೊದಲು ತಿಳಿಯಬೇಕು.

ಬೆಲುಂ ಪ್ರದೇಶದ ಶಿಲೆ ಕರ್ನೂಲು ಶಿಲಾಸಮೂಹಕ್ಕೆ ಸೇರಿದ ನಾರ್ಜಿ ಸುಣ್ಣಕಲ್ಲು. ನಮಗೆ ಅದು ಅಪರಿಚಿತವಲ್ಲ. ನಮ್ಮ ಅಡುಗೆಮನೆಗಳ ಕಟ್ಟೆಗೆ ಹಾಸಿರುವ ಕಡಪ ಕಲ್ಲು ಈ ಜಾತಿಯದೇ. ಮೂಳೆಯುಳ್ಳ ಪ್ರಾಣಿಗಳು ಭೂಮಿಯ ಮೇಲೆ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಇದು ಕೂಡಿಕೊಂಡಿತು. ಗುಹೆಯಾದರೋ ಶಿಲೆಗಿಂತ ಬಹಳ ಕಿರಿಯದು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲುವಾದ ಆಮ್ಲವಾಗುತ್ತದೆ. ಕಲ್ಲಿನ ಬಿರುಕುಗಳಲ್ಲಿ ಇಳಿದು ಸುಣ್ಣವನ್ನು ಕರಗಿಸುತ್ತದೆ. ಕರಗಿದ ಸುಣ್ಣ ಹನಿಯೊಡನೆ ಗುಹೆಯ ಗಾಳಿಗೆ ಬಂದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಮೇಲಿನಿಂದ ಇಳಿಬೀಳುವ ಕಲ್ಲುಕೊಳವೆಗಳೂ ನೆಲದಿಂದೇಳುವ ಕಂಬಗಳೂ ಹೀಗೆ ಹುಟ್ಟಿದವು. ಗುಹೆಯನ್ನು ಕೊರೆದದ್ದು ದಿಕ್ಕು ಬದಲಿಸಿದ ಚಿತ್ರಾವತಿಯ ಅಂತರ್ಜಲವೆಂದು ರೂಢಿಯ ವಿವರಣೆಯಿದೆ. ಈ ಚಿತ್ರಾವತಿ ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹುಟ್ಟಿ ಪೆನ್ನೆಯನ್ನು ಸೇರುವ ಹೊಳೆ.

ಲಿಖಿತ ಚರಿತ್ರೆಗೆ ಬೆಲುಂ ಪ್ರವೇಶಿಸುವುದು 1884ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಂದ. ಕರ್ನಾಟಕದ ಪ್ರಾಗಿತಿಹಾಸವನ್ನು ಓದಿದವರಿಗೆ ಫೂಟ್ ಹೊಸಬರಲ್ಲ. ‘ಧಾರವಾಡ ಶಿಲಾವರ್ಗ’ ಎಂಬ ಹೆಸರು ಅವರದೇ ಕೊಡುಗೆ. ಆ ವರ್ಷ ಅವರ ಮುಖ್ಯ ಗಮನವಿದ್ದುದು ಬೆಲುಂನ ಉತ್ತರಕ್ಕೆ, ಬೇತಂಚೆರ್ಲದ ಬಳಿಯಿರುವ ಬಿಲ್ಲಸುರ್ಗಂ ಗುಹೆಗಳ ಮೇಲೆ. 1844ರಲ್ಲೇ ಕ್ಯಾಪ್ಟನ್ ನ್ಯೂಬೋಲ್ಡ್ ಅಲ್ಲಿ ಪಳೆಯುಳಿಕೆಯ ಮೂಳೆಗಳನ್ನು ಕಂಡಿದ್ದ. ಬಳ್ಳಾರಿ ಬಳಿಯ ಕುಡತಿನಿಯ ಬೂದಿದಿಬ್ಬದ ವಿಷಯ ಬರೆದವನೂ ಈತನೇ. ನಾಲ್ಕು ದಶಕಗಳ ಬಳಿಕ ಇಂಗ್ಲೆಂಡಿನಿಂದ ಥಾಮಸ್ ಹಕ್ಸ್‌ಲಿ ಮದರಾಸಿನ ಗವರ್ನರ್ ಗ್ರ್ಯಾಂಟ್ ಡಫ್‌ಗೆ ಈ ಗುಹೆಗಳನ್ನು ಶೋಧಿಸುವಂತೆ ಒತ್ತಾಯಿಸಿದ. ಅಗೆತವನ್ನು ಫೂಟ್ ಆರಂಭಿಸಿದರು; 1885ರಲ್ಲಿ ಅವರ ಮಗ, ಸೇನಾಧಿಕಾರಿ ಹೆನ್ರಿ, ಅದನ್ನು ಮುಂದುವರಿಸಿದ.

ಇಲ್ಲಿ ಹೆಸರುಗಳ ವಿಷಯವನ್ನು ಗಮನಿಸಬೇಕು. ಫೂಟ್ ತಂದೆಮಕ್ಕಳ ವರದಿಗಳಲ್ಲಿ ಬಿಲ್ಲಸುರ್ಗಂನ ಒಂದು ಅಂಕಣ ‘ಕೆಥೆಡ್ರಲ್’, ಒಂದು ‘ಅಸ್ಥಿಗೃಹ’, ಇನ್ನೊಂದು ‘ಪರ್ಗೆಟರಿ’, ಅಂದರೆ ಕ್ರೈಸ್ತರ ಶುದ್ಧೀಕರಣಲೋಕ. ಕತ್ತಲೆಯಲ್ಲಿ ನಿಂತವರಿಗೆ ನೆನಪಾದದ್ದು ತಮ್ಮ ಊರಿನ ಇಗರ್ಜಿ. ಬೆಲುಂನಲ್ಲಿ ಇಂದು ತೋರಿಸುವ ಹೆಸರುಗಳು ಸಿಂಹದ್ವಾರ, ಕೋಟಿಲಿಂಗ, ಸಪ್ತಸ್ವರ ಗುಹೆ, ಸಾವಿರ ಹೆಡೆ, ಧ್ಯಾನಮಂದಿರ. ಸಪ್ತಸ್ವರ ಗುಹೆಯ ಇಳಿಗಲ್ಲುಗಳನ್ನು ತಟ್ಟಿದರೆ ನಾದ ಹೊಮ್ಮುತ್ತದೆ; ಧ್ಯಾನಮಂದಿರದಲ್ಲಿ ದಿಂಬಿಟ್ಟ ಮಂಚದಂತೆ ಕಾಣುವ ಕಲ್ಲಿದೆ. ಎಲ್ಲವೂ ಆಕಾರದಿಂದ ಬಂದ ಹೆಸರುಗಳೇ. ಬಿಲ್ಲಸುರ್ಗಂನಲ್ಲಿ ಕೆಥೆಡ್ರಲ್ ಇರುವುದರಿಂದ ಅಲ್ಲಿ ಬಿಷಪ್ ಇದ್ದರೆಂದು ಯಾರೂ ವಾದಿಸುವುದಿಲ್ಲ. ಆದರೆ ಧ್ಯಾನಮಂದಿರವೆಂಬ ಹೆಸರಿನಿಂದ ಧ್ಯಾನಿಗಳು ಹುಟ್ಟಿಕೊಳ್ಳುತ್ತಾರೆ!

ಹೆಸರನ್ನು ಬದಿಗಿಟ್ಟು ಮಣ್ಣನ್ನು ಅಗೆದರೆ ದೊರೆಯುವುದೇನು ಎಂಬುದಕ್ಕೆ ಬಿಲ್ಲಸುರ್ಗಂ ಒಳ್ಳೆಯ ನಿದರ್ಶನ. ಅಲ್ಲಿಯ ಮೂಳೆಗಳನ್ನು ಅಧ್ಯಯನ ಮಾಡಿ ರಿಚರ್ಡ್ ಲಿಡೆಕರ್ 1886ರಲ್ಲಿ ವಿವರ ಪ್ರಕಟಿಸಿದ. ಅದರಲ್ಲಿ ಘೇಂಡಾಮೃಗವೂ ಇತ್ತು. ಇಂದಿನ ರಾಯಲಸೀಮೆಯ ಒಣನೆಲವನ್ನು ಬಲ್ಲವರಿಗೆ ನಂಬಲು ಕಷ್ಟವಾಗುವ ಮಾತು. 1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಶಾಸ್ತ್ರೀಯ ಉತ್ಖನನ ನಡೆಸಿ ಹಳೆ ಶಿಲಾಯುಗದ ಕೊನೆಯ ಹಂತದ ಮೂಳೆಯ ಉಪಕರಣಗಳನ್ನು ಹೊರತೆಗೆದರು. (ಗುಹೆಯನ್ನು ‘ಗವಿ’ ಎನ್ನುವುದರಲ್ಲಿ ರಾಯಲಸೀಮೆಯ ತೆಲುಗು ಕನ್ನಡಕ್ಕೆ ಎಷ್ಟು ಹತ್ತಿರ!) 2014ರಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಅವರೂ ಇದ್ದ ಅಂತರರಾಷ್ಟ್ರೀಯ ತಂಡ ಬಿಲ್ಲಸುರ್ಗಂನ ಪದರಗಳನ್ನು ಮತ್ತೆ ಪರಿಶೀಲಿಸಿದ ಫಲಿತವನ್ನು ಪ್ರಕಟಿಸಿತು. ಗುರುತಿಸಲಾದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಗಳು ಕನಿಷ್ಠ ಒಂದು ಲಕ್ಷ ವರ್ಷಗಳಿಂದ, ಕೆಲವು ಎರಡು ಲಕ್ಷ ವರ್ಷಗಳಿಂದ, ಅಳಿಯದೆ ಉಳಿದು ಬಂದಿವೆ ಎಂಬುದು ಅದರ ತೀರ್ಮಾನ. ಬೇರೆ ಭೂಖಂಡಗಳಲ್ಲಿ ದೊಡ್ಡ ಪ್ರಾಣಿಗಳು ಸಾಮೂಹಿಕವಾಗಿ ಅಳಿದ ಕಾಲದಲ್ಲಿ ಇಲ್ಲಿ ಅವು ನೆಲೆ ಬದಲಿಸಿಯಾದರೂ ಬದುಕಿದ್ದವು. ಒಂದು ಗುಹೆಯ ನೆಲದ ಮಣ್ಣು ಇಡೀ ಉಪಖಂಡದ ಜೀವಚರಿತ್ರೆಯನ್ನು ನುಡಿಯಿತು.

ಬೆಲುಂಗೆ ಆ ಭಾಗ್ಯವಿರಲಿಲ್ಲ. ಫೂಟ್ ಬಂದುಹೋದ ಬಳಿಕ ಸುಮಾರು ನೂರು ವರ್ಷ ಅದನ್ನು ಯಾರೂ ಕ್ರಮವಾಗಿ ಶೋಧಿಸಲಿಲ್ಲ. 1982–84ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ಗುಹಾಶೋಧಕರು ಅದನ್ನು ಅಳೆದರು. ಸುತ್ತಲ ಹಳ್ಳಿಗಳಿಗೆ ಅದು ಕಸ ಸುರಿಯುವ ಕುಳಿಯಾಗಿತ್ತು. 1988ರಲ್ಲಿ ರಾಜ್ಯ ಸರ್ಕಾರ ಅದನ್ನು ಸಂರಕ್ಷಿತವೆಂದು ಘೋಷಿಸಿತು. 2002ರ ಫೆಬ್ರವರಿಯಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ಸಂಸ್ಥೆ ದೀಪ, ಮೆಟ್ಟಿಲು, ಕಾಲುದಾರಿ, ಗಾಳಿಕೊಳವೆಗಳೊಡನೆ ಜನರಿಗೆ ತೆರೆಯಿತು. ಕಸದ ಗುಂಡಿಯಾಗಿ ಉಳಿಯುವುದಕ್ಕಿಂತ ಇದು ಸಾವಿರಪಾಲು ಮೇಲು, ಅದರಲ್ಲಿ ಸಂದೇಹವಿಲ್ಲ. ಆದರೆ ಕಾಲುದಾರಿ ಮಾಡುವುದೆಂದರೆ ನೆಲವನ್ನು ಮುಟ್ಟುವುದು. ಗುಹೆಯ ನೆಲವೇ ಅದರ ದಫ್ತರ. ನಿತ್ಯ ಉರಿಯುವ ದೀಪದ ಬಳಿ ಕಲ್ಲಿನ ಮೇಲೆ ಪಾಚಿ ಹಬ್ಬುವುದು ಎಲ್ಲ ಪ್ರದರ್ಶನ ಗುಹೆಗಳ ವ್ಯಾಧಿ.

ಬೆಲುಂನ ಪ್ರಾಚೀನ ವಸ್ತುಗಳ ಬಗ್ಗೆ ಪ್ರವಾಸಿ ಬರಹಗಳು ಎರಡು ಮಾತು ಹೇಳುತ್ತವೆ. ಒಂದು, ಕ್ರಿ.ಪೂ. 4500ರ ಮಡಕೆಗಳು ಸಿಕ್ಕಿವೆ ಎಂಬುದು. ದಕ್ಷಿಣ ಭಾರತದಲ್ಲಿ ನವಶಿಲಾಯುಗದ ಮಡಕೆಗಳ ಆರಂಭ ಸುಮಾರು ಕ್ರಿ.ಪೂ. 3000, ಅದಕ್ಕೂ ಒಂದೂವರೆ ಸಾವಿರ ವರ್ಷ ಹಿಂದಿನ ಮಡಕೆ ಎಂದರೆ ದೊಡ್ಡ ಸುದ್ದಿಯೇ ಆಗಬೇಕಿತ್ತು. ‘4500 ವರ್ಷಗಳ ಹಿಂದಿನದು’ ಎಂಬ ಮಾತು ಬಾಯಿಂದ ಬಾಯಿಗೆ ಬರುವಾಗ ‘ಕ್ರಿ.ಪೂ. 4500’ ಆಗಿರಬಹುದೆಂದು ನನ್ನ ಊಹೆ. ಹಾಗಾದರೆ ಕಾಲ ಸುಮಾರು ಕ್ರಿ.ಪೂ. 2500 ಆಗುತ್ತದೆ, ಅದು ಬಳ್ಳಾರಿಯ ಬೂದಿದಿಬ್ಬಗಳ ಕಾಲಕ್ಕೆ ಸರಿಹೊಂದುತ್ತದೆ. ಎರಡನೆಯದು, ಅನಂತಪುರದ ವಸ್ತುಸಂಗ್ರಹಾಲಯದಲ್ಲಿರುವ ಬೌದ್ಧ ಅವಶೇಷಗಳ ಮಾತು. ಗಮನಿಸಿ: ಹೆಸರಿಸಿರುವುದು ಬೌದ್ಧ ಅವಶೇಷಗಳನ್ನು. ಜೈನ ಮುನಿಗಳ ವಾಕ್ಯಕ್ಕೆ ಈ ಬರಹಗಳು ಒಂದು ಪ್ರತಿಮೆಯನ್ನಾಗಲಿ ಶಾಸನವನ್ನಾಗಲಿ ಆಧಾರವಾಗಿ ಕೊಡುವುದಿಲ್ಲ.

ಜೈನ ಮುನಿಗಳು ಗುಹೆಯಲ್ಲಿ ವಾಸಿಸುತ್ತಿದ್ದರೆಂಬುದು ನಿಜ. ವಟ್ಟಕೇರನ ಮೂಲಾಚಾರ ಗಿರಿಕಂದರ, ಸ್ಮಶಾನ, ಶೂನ್ಯಗೃಹ, ವೃಕ್ಷಮೂಲಗಳನ್ನು ಮುನಿಗೆ ಯೋಗ್ಯ ನೆಲೆಗಳೆಂದು ಹೇಳುತ್ತದೆ. ಆದರೆ ಅಂತಹ ಗುಹೆಯ ಲಕ್ಷಣವೇ ಬೇರೆ. ತಮಿಳುನಾಡಿನ ಸಿತ್ತನ್ನವಾಸಲಿನ ಏಳಡಿಪಟ್ಟಂ ಬೆಟ್ಟದ ಮೇಲಿನ, ಗಾಳಿಬೆಳಕಿಗೆ ತೆರೆದ ಬಂಡೆಯಾಸರೆ. ಕೈಯಿಂದ ಕಡೆದು ನಯಗೊಳಿಸಿದ ಶಯ್ಯೆಗಳು, ಕಲ್ಲುದಿಂಬುಗಳು, ಬ್ರಾಹ್ಮೀ ಶಾಸನ ಅಲ್ಲಿವೆ. ಎರುಮೈನಾಡಿನಲ್ಲಿ ಹುಟ್ಟಿದ ಒಬ್ಬ ಮುನಿಗಾಗಿ ಮಾಡಿಸಿದ ಆಸನವೆಂದು ಆ ಶಾಸನ ಹೇಳುತ್ತದೆ. ಎರುಮೈನಾಡು ಎಂದರೆ ಮಹಿಷನಾಡು, ನಮ್ಮ ಮೈಸೂರು ಸೀಮೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೆಲುಂನ ‘ಮಂಚ’ವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆಚಾರದ ತೊಡಕೂ ಇದೆ. ಈರ್ಯಾಸಮಿತಿಯಂತೆ ಮುನಿ ಹಗಲ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕು. ಬೆಂಕಿಯಲ್ಲೂ ಜೀವವಿದೆಯೆಂದು ನಂಬುವ ಅವನು ದೀಪವನ್ನಾಗಲಿ ಪಂಜನ್ನಾಗಲಿ ಹೊತ್ತಿಸುವಂತಿಲ್ಲ. ಬೆಲುಂನ ಒಳ ಅಂಕಣಗಳಿಗೆ ಸೂರ್ಯನ ಬೆಳಕು ತಲುಪುವುದೇ ಇಲ್ಲ. ಕತ್ತಲೆಯಲ್ಲಿ ಕುಳಿತು ಧ್ಯಾನಿಸಲು ಅಡ್ಡಿಯಿಲ್ಲ; ಆದರೆ ಬೆಳಕಿಲ್ಲದೆ ಅಲ್ಲಿಗೆ ನಡೆದು ಹೋಗುವುದು ಹೇಗೆ? ಕುಳಿಯ ಬಾಯಿಯ ಬಳಿ, ಬೆಳಕು ಬೀಳುವಷ್ಟು ಜಾಗದಲ್ಲಿ ಯಾರಾದರೂ ತಂಗಿರಬಹುದು. ಅದಕ್ಕೂ ಸಾಕ್ಷ್ಯ ಬೇಕು.

ಈ ಸೀಮೆಯ ಜೈನಚರಿತ್ರೆಗೆ ಬೆಲುಂನ ಊರೆ ಬೇಕಾಗಿಯೂ ಇಲ್ಲ. ಅಲ್ಲಿಂದ ಆಗ್ನೇಯಕ್ಕೆ, ಜಮ್ಮಲಮಡುಗು ಸಮೀಪ ಪೆನ್ನೆಯ ದಡದ ದಾನವುಲಪಾಡಿನಲ್ಲಿ ಜಿನಾಲಯದ ಅವಶೇಷಗಳಿವೆ. ರಾಷ್ಟ್ರಕೂಟ ನಿತ್ಯವರ್ಷ, ಅಂದರೆ ಮೂರನೆಯ ಇಂದ್ರ, ಶಾಂತಿನಾಥನ ಅಭಿಷೇಕಕ್ಕೆ ಮಾಡಿಸಿದ ಪೀಠ ಅಲ್ಲಿಯದು. ಅವನ ದಂಡನಾಯಕ ಶ್ರೀವಿಜಯನನ್ನು ಅನುಪಮಕವಿಯೆಂದು ಕೊಂಡಾಡುವ ಸ್ತಂಭಶಾಸನವೂ ಅಲ್ಲಿಯದೇ, ಅದರಲ್ಲಿ ಕನ್ನಡ ಪದ್ಯಗಳಿವೆ. ಈತನನ್ನು ಕವಿರಾಜಮಾರ್ಗದ ಶ್ರೀವಿಜಯನೊಡನೆ ಬೆರೆಸಬಾರದು. ಇಬ್ಬರ ನಡುವೆ ಹಲವು ದಶಕಗಳ ಅಂತರವಿದೆ. ಹತ್ತನೆಯ ಶತಮಾನದ ರಾಯಲಸೀಮೆಯ ಜೈನರನ್ನು ಕುರಿತು ಬರೆಯುವವರು ಆರಂಭಿಸಬೇಕಾದುದು ಈ ಕಂಬದಿಂದ. ಬೆಲುಂನ ಮಾತಿಗಾದರೆ, ದೀಪ ಹಾಕದ, ಕಾಲುದಾರಿ ತಲುಪದ ಅಂಕಣಗಳು ಅಲ್ಲಿ ಇನ್ನೂ ಉಳಿದಿವೆ, ಮಣ್ಣಿನ ಸಮೇತ.