ದವಡೆಯ ಮೂಳೆ ಒಂದೋ, ಎರಡೋ?

ಕಿವಿಯ ಮುಂದೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಏನೋ ಜಾರಿದಂತಾಗುತ್ತದೆ. ಕೆಳದವಡೆ ತಲೆಬುರುಡೆಯನ್ನು ಕೂಡುವ ಕೀಲು ಅದು. ಸುಶ್ರುತ ಸಂಹಿತೆಯಲ್ಲಿ ಅದಕ್ಕೆ ‘ವಾಯಸತುಂಡ’ ಎಂಬ ಹೆಸರಿದೆ. ಅಂದರೆ ಕಾಗೆಯ ಕೊಕ್ಕು.

ಈ ಪ್ರಾಚೀನ ಗ್ರಂಥ ದೇಹದಲ್ಲಿ 210 ಸಂಧಿಗಳನ್ನು ಎಣಿಸುತ್ತದೆ. ಚಲಿಸುವವು, ಸ್ಥಿರವಾದವು ಎಂದು ಅವನ್ನು ಎರಡಾಗಿ ವಿಂಗಡಿಸಿ, ಆಕಾರವನ್ನು ನೋಡಿ ಎಂಟು ಹೆಸರುಗಳನ್ನು ಕೊಡುತ್ತದೆ. ಕಂಕುಳು ಮತ್ತು ತೊಡೆಸಂದಿಯ ಕೀಲು ‘ಉಲೂಖಲ’, ಎಂದರೆ ಒರಳು. ತೊಡೆಮೂಳೆಯ ದುಂಡನೆಯ ತಲೆ ಸೊಂಟದ ಮೂಳೆಯ ಗುಳಿಯಲ್ಲಿ ಕುಳಿತು ತಿರುಗುವ ಬಗೆಯನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ತಲೆಬುರುಡೆಯ ಮೂಳೆಗಳು ಕೂಡುವ ಜಾಗ ‘ತುನ್ನಸೇವನಿ’, ಅಂದರೆ ಬಟ್ಟೆಯ ಹೊಲಿಗೆ. ಇಂದಿನ ವೈದ್ಯರು ಅದನ್ನೇ ‘ಸೂಚರ್’ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಪದದ ಅರ್ಥವೂ ಹೊಲಿಗೆಯೇ.

ಇನ್ನು ಮೂಳೆಗಳ ಲೆಕ್ಕ. ಚರಕ ಸಂಹಿತೆಯಲ್ಲಿ ಅವು 360. ವೇದವಾದಿಗಳು 360 ಎನ್ನುತ್ತಾರೆ, ಶಸ್ತ್ರಚಿಕಿತ್ಸಕರ ಶಾಸ್ತ್ರದಲ್ಲಿ ಮಾತ್ರ 300 ಎನ್ನುತ್ತದೆ ಸುಶ್ರುತ ಸಂಹಿತೆ. ಇಂದಿನ ಪಠ್ಯಪುಸ್ತಕದ ಪ್ರಕಾರ ವಯಸ್ಕರಲ್ಲಿ 206. ಹಾಗಾದರೆ ಹಿಂದಿನವರು ತಪ್ಪಿದರೇ? ಹಾಗೆನ್ನಲು ಅವಸರ ಬೇಡ. ಚರಕನ ಲೆಕ್ಕದಲ್ಲಿ ಹಲ್ಲು, ಹಲ್ಲಿನ ಗೂಡು, ಉಗುರುಗಳೂ ಸೇರಿವೆ. ಸುಶ್ರುತ ಹಲ್ಲುಗಳ ಜೊತೆಗೆ ಮೃದ್ವಸ್ಥಿಯನ್ನೂ ಮೂಳೆಯ ಒಂದು ಬಗೆಯೆಂದೇ ಎಣಿಸಿದ. ಇಂದಿನ ಲೆಕ್ಕವಾದರೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹುಟ್ಟಿದ ಮಗುವಿನಲ್ಲಿ ಬಿಡಿಬಿಡಿಯಾಗಿರುವ ಎಷ್ಟೋ ಮೂಳೆಗಳು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಸಂಖ್ಯೆಗಿಂತ ಮುಖ್ಯವಾದದ್ದು ಅದನ್ನು ಕಂಡುಕೊಂಡ ದಾರಿ. ಶಲ್ಯ ವೈದ್ಯನಾಗಬೇಕಾದವನು ಮೃತದೇಹವನ್ನು ಶೋಧಿಸಿ ನೋಡಲೇಬೇಕು ಎಂಬುದು ಸುಶ್ರುತ ಸಂಹಿತೆಯ ವಿಧಿ. ದೇಹವನ್ನು ಹುಲ್ಲು, ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಕಡೆ ಇಡಬೇಕು. ಏಳು ರಾತ್ರಿಗಳ ನಂತರ ಹೊರತೆಗೆದು, ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಒಳಗಿನವರೆಗೆ ಪ್ರತಿ ಭಾಗವನ್ನೂ ಕಣ್ಣಾರೆ ಕಾಣಬೇಕು. ಶಾಸ್ತ್ರವೂ ಬೇಕು, ಪ್ರತ್ಯಕ್ಷವೂ ಬೇಕು. ಎರಡೂ ಕೂಡಿದಾಗಲೇ ಜ್ಞಾನ ಬೆಳೆಯುತ್ತದೆ ಎಂಬುದು ಅದರ ನಿಲುವು.

ನೋಡುವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದವಡೆಯೇ ಸಾಕ್ಷಿ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಹೆಸರು ಮಾಡಿದ ಗ್ರೀಕ್ ವೈದ್ಯ ಗ್ಯಾಲೆನ್ ಕೆಳದವಡೆಯಲ್ಲಿ ಎರಡು ಮೂಳೆಗಳಿವೆ ಎಂದು ಬರೆದ. ಅವನು ಕೊಯ್ದು ನೋಡಿದ್ದು ಕೋತಿ, ಹಂದಿ ಮುಂತಾದ ಪ್ರಾಣಿಗಳನ್ನು. ನಾಯಿಯಂಥ ಪ್ರಾಣಿಗಳಲ್ಲಿ ದವಡೆಯ ಎರಡು ಅರ್ಧಗಳು ಪೂರ್ತಿ ಬೆಸೆಯುವುದಿಲ್ಲ. ಮನುಷ್ಯರಲ್ಲಾದರೋ ಹುಟ್ಟಿದ ಮೊದಲ ವರ್ಷದಲ್ಲೇ ಅವು ಒಂದಾಗುತ್ತವೆ. ಆದರೂ ಸಾವಿರ ವರ್ಷ ಗ್ಯಾಲೆನ್ನನ ಮಾತೇ ಪ್ರಮಾಣವಾಗಿತ್ತು.

1200ರ ಸುಮಾರಿಗೆ ಈಜಿಪ್ಟಿನಲ್ಲಿ ಘೋರ ಬರಗಾಲ ಬಂದು ಅಸಂಖ್ಯ ಜನ ಸತ್ತರು. ಆಗ ಅಲ್ಲಿದ್ದ ಬಾಗ್ದಾದಿನ ವಿದ್ವಾಂಸ ಅಬ್ದುಲ್ ಲತೀಫ್, ಕೈರೋ ಸಮೀಪ ಗುಡ್ಡದಂತೆ ಬಿದ್ದಿದ್ದ ಅಸ್ಥಿಗಳ ನಡುವೆ ನಿಂತು ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿದ. ಒಂದರಲ್ಲೂ ಕೆಳದವಡೆ ಎರಡಾಗಿರಲಿಲ್ಲ. 1543ರಲ್ಲಿ ಇಟಲಿಯ ಪದುವಾದಲ್ಲಿ ಪ್ರಾಧ್ಯಾಪಕನಾಗಿದ್ದ ವೆಸಾಲಿಯಸ್, ಮಾನವ ದೇಹಗಳನ್ನು ತಾನೇ ಕೊಯ್ದು ನೋಡಿ ಅದನ್ನೇ ಮತ್ತೆ ಸಾರಬೇಕಾಯಿತು. ಅವನ ಗುರು ಸಿಲ್ವಿಯಸ್ ಒಪ್ಪಲಿಲ್ಲ. ಗ್ಯಾಲೆನ್ ತಪ್ಪಿಲ್ಲ, ಅವನ ಕಾಲದಿಂದ ಈಚೆಗೆ ಮನುಷ್ಯನ ದೇಹವೇ ಬದಲಾಗಿರಬೇಕು ಎಂಬುದು ಆ ಗುರುವಿನ ವಾದ!

ನಾವು ನಗಬಹುದು. ಆದರೆ ನಮ್ಮಲ್ಲೂ ಚರಕ ಸಂಹಿತೆ ದವಡೆಗೆ ಒಂದು ಮೂಳೆ ಎಂದರೆ, ಸುಶ್ರುತ ಸಂಹಿತೆ ಎರಡು ಎಂದಿದೆ. ಎರಡನ್ನೂ ಬಾಯಿಪಾಠ ಮಾಡುವ ಪರಂಪರೆ ಉಳಿಯಿತು. ಹೊಳೆಯ ದಂಡೆಯಲ್ಲಿ ಪಂಜರ ಬಿಚ್ಚಿ ನೋಡುವ ರೂಢಿ ಮಾತ್ರ ಅಳಿಯಿತು. ಹೆಣ ಮುಟ್ಟುವುದು ಮೈಲಿಗೆ ಎನಿಸಿದ ಸಮಾಜದಲ್ಲಿ ಶಾಸ್ತ್ರದ ಆ ವಿಧಿ ಓಲೆಗರಿಯಲ್ಲೇ ಉಳಿದುಹೋಯಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಶವವಿಚ್ಛೇದನಕ್ಕೆ ಕೈಹಾಕಿದ ಪಂಡಿತ ಮಧುಸೂದನ ಗುಪ್ತರು ಆಯುರ್ವೇದವನ್ನು ಓದಿ ಬಂದವರು ಎಂಬುದು ಗಮನಾರ್ಹ. ಅವರು ಪರಂಪರೆಯನ್ನು ಮುರಿದರು ಎನ್ನುವುದಕ್ಕಿಂತ, ಮರೆತುಹೋದ ಪರಂಪರೆಗೆ ಮರಳಿದರು ಎನ್ನುವುದು ಸರಿ.

ಮುನ್ನೂರೋ ಇನ್ನೂರಾರೋ ಎಂಬ ಲೆಕ್ಕ ನಾಳೆ ಮತ್ತೆ ತಿದ್ದುಪಡಿಯಾದೀತು. ನಮ್ಮ ಹಿರಿಯರಿಂದ ಪಡೆಯಬೇಕಾದದ್ದು ಆ ಸಂಖ್ಯೆಯನ್ನಲ್ಲ, ಕೈಯಲ್ಲಿ ಕುಂಚ ಹಿಡಿದು ನೀರಿನ ಬಳಿ ಕುಳಿತ ಆ ತಾಳ್ಮೆಯನ್ನು.